ಹೆಳವರ ಪುಸ್ತಕದಲ್ಲಿ ಇಲ್ಲದ ಹೆಸರುಗಳು

ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳು ಇವು. ಅಲ್ಲಿ ಬೋರ್ಡಿನ ಮೇಲೆ ಗೆರೆ ಎಳೆಯುತ್ತಾ ಹೇಳಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ನಾನು ಕಂಡ ಕುಟುಂಬಗಳ ಪ್ರಸ್ತಾಪ ಬಂದ ಕಡೆ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಕೊರಳ ಗಂಟೆ ಕೇಳಿಸಿದರೆ ಸಾಕು, ನಾವು ಮಕ್ಕಳೆಲ್ಲ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಹೆಳವ ಮನೆ ಮುಂದೆ ನಿಂತು ನಮ್ಮ ಅಜ್ಜನ ಹೆಸರು, ಮುತ್ತಜ್ಜನ ಹೆಸರು, ಅವನ ಅಪ್ಪನ ಹೆಸರು, ಮೊದಲು ಯಾವ ಊರಿನಲ್ಲಿದ್ದರು, ಯಾಕೆ ಊರು ಬಿಟ್ಟರು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಿದ್ದ. ಅಜ್ಜಿ ಮೊರದ ತುಂಬ ಜೋಳ ತಂದು ಸುರಿಯುತ್ತಿದ್ದಳು. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ.

ಒಮ್ಮೆ ನಾನು ಕೇಳಿದ್ದೆ, "ನಮ್ಮ ಅಜ್ಜಿ ಹೆಸರು ಎಲ್ಲಿದೆ?" ಹೆಳವ ನಕ್ಕ. ಅಜ್ಜಿಯೂ ನಕ್ಕಳು. ಅವಳ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲ. ಅವಳು ಹೆತ್ತು ಕಳಕೊಂಡ ಮೂರು ಕೂಸುಗಳ ಹೆಸರೂ ಇರಲಿಲ್ಲ.

ಈಗ ನಾನು ಮಾಡುವುದು ಒಂದು ರೀತಿಯಲ್ಲಿ ಹೆಳವರ ಕೆಲಸವೇ. ನಾನು ಜೆನೆಟಿಕ್ ಕೌನ್ಸೆಲರ್. ವಂಶದಲ್ಲಿ ಇಳಿದು ಬರುವ ಕಾಯಿಲೆ ಇದೆಯೇನೋ ಎಂಬ ಅನುಮಾನ ಇರುವ ಮನೆಯವರು ನನ್ನ ಹತ್ತಿರ ಬರುತ್ತಾರೆ. ನಾನು ಅವರ ಕುಟುಂಬದ ಮರ ಬರೆಯುತ್ತೇನೆ. ಆದರೆ ನನಗೆ ಬೇಕಾದದ್ದು ಮುಖ್ಯವಾಗಿ ಹೆಳವರು ಬಿಟ್ಟ ಹೆಸರುಗಳು. ಹೆಂಗಸರದ್ದು, ಹುಟ್ಟಿ ಹೋದ ಮಕ್ಕಳದ್ದು, ಯಾರೂ ಬಾಯಿಬಿಟ್ಟು ಹೇಳದವರದ್ದು.

ಬರೆಯುವ ರೀತಿ ಸುಲಭ. ಗಂಡಿಗೆ ಚೌಕ, ಹೆಣ್ಣಿಗೆ ದುಂಡು. ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆ ಇಳಿಯುವ ಗೆರೆ. ಕಾಯಿಲೆ ಇದ್ದವರನ್ನು ಕಪ್ಪು ತುಂಬಿಸುತ್ತೇವೆ. ತೀರಿಕೊಂಡವರ ಮೇಲೆ ಓರೆಗೆರೆ. ನಿಲ್ಲದ ಬಸಿರಿಗೆ ಪುಟ್ಟ ತ್ರಿಕೋನ. ಗಂಡ ಹೆಂಡತಿ ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಅವರ ನಡುವೆ ಒಂದರ ಬದಲು ಎರಡು ಗೆರೆ. ನಮ್ಮ ಕಡೆ ಹಾಳೆಗಳಲ್ಲಿ ಈ ಎರಡು ಗೆರೆ ತುಂಬ ಕಾಣುತ್ತದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಕಷ್ಟ ಇರುವುದು ಕೇಳುವುದರಲ್ಲಿ. "ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತಾ?" ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ಇಲ್ಲ ಅನ್ನುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ. ಅವರ ಲೆಕ್ಕದಲ್ಲಿ ಮನೆ ಅಂದರೆ ಅಪ್ಪನ ಮನೆ. ಅದಕ್ಕೇ ನಾನು ಹಾಗೆ ಕೇಳುವುದು ಬಿಟ್ಟೆ. "ನಿಮ್ಮ ತಾಯಿಗೆ ಎಷ್ಟು ಮಕ್ಕಳು?" ಎನ್ನುತ್ತೇನೆ. "ಮೂರು." "ಹೆತ್ತದ್ದು ಎಷ್ಟು?" ಸ್ವಲ್ಪ ಹೊತ್ತು ಮೌನ. "ಆರು." ಆ ಮೂರಕ್ಕೂ ಆರಕ್ಕೂ ನಡುವೆ ಏನಾಯಿತು ಅನ್ನುವುದರಲ್ಲೇ ಎಷ್ಟೋ ಸಲ ಉತ್ತರ ಇರುತ್ತದೆ.

ನಾಲ್ಕು ವರ್ಷದ ಒಬ್ಬ ಹುಡುಗನನ್ನು ಕರೆತಂದಿದ್ದರು. ಮೊಣಕಾಲು ಬೇಲದ ಹಣ್ಣಿನ ಹಾಗೆ ಊದಿತ್ತು. ಬಿದ್ದಿರಲಿಲ್ಲ, ಏಟೂ ಆಗಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಫಿಲಿಯಾ ಎಂದು ಗೊತ್ತಾಗಿತ್ತು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಪ್ರೋಟೀನು, ಫ್ಯಾಕ್ಟರ್ 8, ಅವನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಅಪ್ಪ, ಅಮ್ಮ, ಇಬ್ಬರು ಅಜ್ಜಿಯರು ಬಂದಿದ್ದರು. ಅಪ್ಪನ ತಾಯಿ ಕೂತ ತಕ್ಷಣ ಹೇಳಿದರು, "ನಮ್ಮ ವಂಶದಲ್ಲಿ ಏಳು ತಲೆಮಾರು ಹುಡುಕಿದರೂ ಇಂಥದ್ದಿಲ್ಲ." ಅವರ ಮಾತು ನಿಜವೇ ಆಗಿತ್ತು. ಆದರೆ ಆ ಮಾತು ಕೇಳಿ ಸೊಸೆ ಇನ್ನಷ್ಟು ಕುಗ್ಗಿದಳು.

ತಾಯಿಯ ತಾಯಿ ಮೂಲೆಯಲ್ಲಿ ಸುಮ್ನೆ ಕೂತಿದ್ದರು. ನಾನು ಅವರ ಪಕ್ಕ ಹೋಗಿ ಕೂತೆ. "ಅಮ್ಮಾ, ನಿಮಗೆ ಅಣ್ಣ ತಮ್ಮಂದಿರು ಎಷ್ಟು?" "ಒಬ್ಬ." "ಹುಟ್ಟಿದ್ದು?" ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಹುಟ್ಟಿದ್ದು ಮೂವರು. ಒಬ್ಬನಿಗೆ ಏಳು ವರ್ಷ ಇದ್ದಾಗ ಹಲ್ಲು ಬಿದ್ದ ಜಾಗದಲ್ಲಿ ಮೂರು ದಿನ ರಕ್ತ ನಿಲ್ಲಲಿಲ್ಲ. ಇನ್ನೊಬ್ಬ ಚಕ್ಕಡಿಯಿಂದ ಜಾರಿ ಬಿದ್ದ. ಮೇಲೆ ಗಾಯ ಇರಲಿಲ್ಲ, ಹೊಟ್ಟೆ ಊದಿಕೊಂಡು ಹೋದ. ಮನೆದೇವರ ಸಿಟ್ಟು ಎಂದುಕೊಂಡು ಅವರ ಅಮ್ಮ ಸಾಯುವ ತನಕ ಹರಕೆ ತೀರಿಸಿದರಂತೆ. ಈ ವಿಷಯ ಮಗಳಿಗೂ ಗೊತ್ತಿರಲಿಲ್ಲ.

ನಾನು ಹಾಳೆಯ ಮೇಲೆ ಎರಡು ಚೌಕ ಕಪ್ಪು ಮಾಡಿದೆ. ಕತೆ ಪೂರ್ತಿ ಕಾಣಿಸಿತು. ಜೀನು ಅಂದರೆ ತಂದೆ ತಾಯಿಯಿಂದ ಮಕ್ಕಳಿಗೆ ಇಳಿಯುವ ಗುಣದ ಸೂತ್ರ, ಅವನ್ನು ಹೊತ್ತಿರುವ ಎಳೆಗಳು ಕ್ರೋಮೋಸೋಮುಗಳು. ಹಿಮೋಫಿಲಿಯಾದ ಜೀನು ಕೂತಿರುವುದು ಎಕ್ಸ್ ಎಂಬ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ಒಂದೇ, ಅದೂ ತಾಯಿಯಿಂದ ಬಂದದ್ದು. ಹೆಣ್ಣಿನಲ್ಲಿ ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ತೂಗಿಸುತ್ತದೆ. ಗಂಡಿಗೆ ಆ ಅನುಕೂಲ ಇಲ್ಲ. ಹಾಗಾಗಿ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಹುಡುಗರಲ್ಲಿ, ದಾಟಿಸುವುದು ಆರೋಗ್ಯವಾಗಿ ಓಡಾಡುವ ಹೆಂಗಸರು. ಅಂಥ ತಾಯಿಯ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಹೆಣ್ಣುಮಗು ತಾನೂ ಹೀಗೆ ದಾಟಿಸುವ ವಾಹಕಿ ಆಗುವ ಸಾಧ್ಯತೆ ಅರ್ಧಕ್ಕರ್ಧ. ಕಾಯಿಲೆ ಇರುವ ಗಂಡಸಿನ ಗಂಡುಮಕ್ಕಳಿಗೆ ಅವನಿಂದ ಅದು ಬರುವುದೇ ಇಲ್ಲ, ಆದರೆ ಅವನ ಹೆಣ್ಣುಮಕ್ಕಳೆಲ್ಲರೂ ವಾಹಕಿಯರು. ಗಂಡಸರ ಸಾಲನ್ನಷ್ಟೇ ಬರೆದ ವಂಶಾವಳಿಯಲ್ಲಿ ಈ ಕಾಯಿಲೆ ಒಂದು ಕಡೆ ಮುಳುಗಿ ಇನ್ನೆಲ್ಲೋ ಏಳುತ್ತದೆ. ನಡುವಿನ ದಾರಿ ಕಾಣುವುದೇ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಮರದಲ್ಲಿ ಇನ್ನೊಂದು ದುಂಡು ಇತ್ತು, ಹುಡುಗನ ತಾಯಿಯ ತಂಗಿ. ಬೇರೆ ಊರಿಗೆ ಮದುವೆಯಾಗಿ ಹೋಗಿದ್ದವಳು, ಆಗ ಐದು ತಿಂಗಳ ಬಸುರಿ. ಅವಳಿಗೆ ಹೇಳುವುದು ಬೇಡ, ಗಂಡನ ಮನೆಯವರು ಏನೆಂದುಕೊಂಡಾರು ಎಂದು ಎರಡು ದಿನ ಜಗ್ಗಾಟ ನಡೆಯಿತು. ಕೊನೆಗೆ ಅಜ್ಜಿಯೇ ಫೋನ್ ಮಾಡಿದರು. ಆ ಹುಡುಗಿಗೆ ಪರೀಕ್ಷೆ ಆಯಿತು, ಅವಳೂ ವಾಹಕಿ. ಹೆರಿಗೆಯಲ್ಲಿ ಮಗುವಿನ ತಲೆಗೆ ಇಕ್ಕಳವನ್ನಾಗಲಿ ವ್ಯಾಕ್ಯೂಮನ್ನಾಗಲಿ ಹಾಕಬಾರದು ಎಂದು ಡಾಕ್ಟರಿಗೆ ಮೊದಲೇ ಗೊತ್ತಿತ್ತು. ಹೊಕ್ಕುಳ ಬಳ್ಳಿಯ ರಕ್ತದಲ್ಲೇ ಪರೀಕ್ಷೆ ಮಾಡಿದರು. ಗಂಡು ಮಗು. ಅವನಿಗೂ ಹಿಮೋಫಿಲಿಯಾ ಇತ್ತು. ಆದರೆ ಮೊದಲ ದಿನದಿಂದಲೇ ತಿಳಿದಿದ್ದರಿಂದ ಅವನ ಮೊಣಕಾಲು ಇವತ್ತಿಗೂ ಊದಿಲ್ಲ. ಅಣ್ಣ ಕುಂಟುತ್ತಾನೆ, ತಮ್ಮ ಓಡುತ್ತಾನೆ. ಇಬ್ಬರಿಗೂ ಇರುವ ಕಾಯಿಲೆ ಒಂದೇ.

ಒಂದು ಮಾತು ಸೇರಿಸಬೇಕು. ಹಿಮೋಫಿಲಿಯಾ ಇರುವ ಸುಮಾರು ಮೂರನೇ ಒಂದು ಭಾಗ ಮಕ್ಕಳ ಮನೆಗಳಲ್ಲಿ ಹಿಂದೆ ಯಾರಿಗೂ ಅದು ಇರುವುದಿಲ್ಲ. ಜೀನಿನಲ್ಲಿ ಹೊಸದಾಗಿ ತಪ್ಪಾಗಿರುತ್ತದೆ. ಹಾಗಾಗಿ ಮರ ಬರೆದಾಗ ಏನೂ ಸಿಗದಿದ್ದರೆ ಯಾರೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನ ಪಡಬೇಡಿ. ಸೊಸೆಯನ್ನಂತೂ ಬಯ್ಯಲೇಬೇಡಿ.

ಈ ದಾರಿಯನ್ನು ಮೊದಲು ಕಂಡವರ ಕೈಯಲ್ಲಿ ಯಂತ್ರ ಇರಲಿಲ್ಲ. 1803ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಕಾನ್ರಾಡ್ ಓಟೊ ಎಂಬ ವೈದ್ಯ, ಕೆಲವು ಮನೆತನಗಳ ಗಂಡಸರು ಸಣ್ಣ ಗಾಯಕ್ಕೂ ರಕ್ತ ಹರಿದು ಸಾಯುವುದನ್ನು ಬರೆದಿಟ್ಟ. ಅದನ್ನು ಹಿಂದಕ್ಕೆ ಹಿಡಿದು ಹೋದಾಗ ಎಪ್ಪತ್ತು ಎಂಬತ್ತು ವರ್ಷ ಮೊದಲು ನ್ಯೂ ಹ್ಯಾಂಪ್‌ಶೈರ್‌ನ ಪ್ಲಿಮತ್ ಹತ್ತಿರ ನೆಲೆಸಿದ್ದ ಒಬ್ಬ ಹೆಂಗಸು ಸಿಕ್ಕಳು. ರಕ್ತ ಹರಿಯುವುದು ಗಂಡಸರಿಗೆ, ಆದರೆ ಮಕ್ಕಳಿಗೆ ಅದನ್ನು ಕೊಡುವುದು ಹೆಂಗಸರು ಎಂದು ಅವನು ಸ್ಪಷ್ಟವಾಗಿ ಹೇಳಿದ. ಗುಣಗಳು ವಂಶದಲ್ಲಿ ಇಳಿಯುವ ನಿಯಮ ಕಂಡ ಮೆಂಡೆಲ್ ತನ್ನ ಬಟಾಣಿ ಲೆಕ್ಕ ಅಚ್ಚು ಹಾಕಿಸಿದ್ದು 1866ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲೇ, ಜೀನ್ ಎಂಬ ಮಾತೇ ಇಲ್ಲದ ಕಾಲದಲ್ಲಿ, ಮನೆಯವರ ನೆನಪು ಕೇಳಿಯೇ ಇಷ್ಟು ಗೊತ್ತಾಗಿತ್ತು.

ವಿಕ್ಟೋರಿಯಾ ರಾಣಿಯ ಕತೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮಗ ಲಿಯೋಪೋಲ್ಡ್ 1884ರಲ್ಲಿ ಜಾರಿ ಬಿದ್ದು ಮೂವತ್ತನೇ ವಯಸ್ಸಿಗೇ ಹೋದ. ಹೆಣ್ಣುಮಕ್ಕಳು ಆಲಿಸ್, ಬಿಯಾಟ್ರಿಸ್ ಮೂಲಕ ಕಾಯಿಲೆ ಜರ್ಮನಿ, ರಷ್ಯಾ, ಸ್ಪೇನ್ ಅರಮನೆಗಳಿಗೆ ಹೋಯಿತು. ರಷ್ಯಾದ ಕೊನೆಯ ಝಾರ್‌ನ ಮಗ ಅಲೆಕ್ಸಿಗೆ ಇದ್ದದ್ದು ಇದೇ. ಅವನ ಕುಟುಂಬದ ಎಲುಬುಗಳ ಡಿಎನ್‌ಎ ನೋಡಿದಾಗ ಅದು ಹಿಮೋಫಿಲಿಯಾದ ಬಿ ಬಗೆ, ಅಂದರೆ ಫ್ಯಾಕ್ಟರ್ 9 ಎಂಬ ಇನ್ನೊಂದು ಪ್ರೋಟೀನು ಕಡಿಮೆ ಇರುವ ಬಗೆ ಎಂದು 2009ರಲ್ಲಿ ಖಚಿತವಾಯಿತು. ರಾಜಮನೆತನದ ಮರ ಸಿಕ್ಕಿದ್ದು ಅಲ್ಲಿ ಹೆಣ್ಣುಮಕ್ಕಳ ಹೆಸರನ್ನೂ, ಸತ್ತ ಮಕ್ಕಳ ಹೆಸರನ್ನೂ ಬರೆದಿಟ್ಟಿದ್ದರು ಎಂಬ ಕಾರಣಕ್ಕೆ. ನಮ್ಮ ತುಳುನಾಡಿನಲ್ಲಿ ತಾಯಿಯ ಸಾಲಿನಲ್ಲಿ ವಂಶ ಎಣಿಸುವ ಅಳಿಯಕಟ್ಟು ಇದೆ, ಅಲ್ಲಿ ಬಳಿ ಎನ್ನುವ ಕುಲದ ಹೆಸರು ತಾಯಿಯಿಂದ ಬರುತ್ತದೆ ಅಲ್ವಾ? ಅಲ್ಲಿಯವರ ಮರ ಬರೆಯುವಾಗ ತಾಯಿಯ ಕಡೆಯ ಸಾಲು ಎಷ್ಟು ಸಲೀಸಾಗಿ ಬರುತ್ತದೆ ಎಂದರೆ ನನಗೆ ಖುಷಿಯಾಗುತ್ತದೆ.

ಈಗ ಆ ಎರಡು ಗೆರೆಯ ವಿಷಯ.

ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆಯ ಮಗ. ನಮ್ಮಲ್ಲಿ ಇವು ಹೊರಗಿನ ಸಂಬಂಧಗಳಲ್ಲ, ಮೊದಲ ಹಕ್ಕಿನ ಸಂಬಂಧಗಳು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಹೆರಿಗೆಗಳ ಲೆಕ್ಕ ತೆಗೆದಾಗ ಸುಮಾರು ಮೂರರಲ್ಲಿ ಒಂದು ದಂಪತಿ ರಕ್ತಸಂಬಂಧಿಗಳಾಗಿದ್ದರು. ಈಗಲೂ ರಾಜ್ಯದಲ್ಲಿ ಸುಮಾರು ನಾಲ್ಕು ಮದುವೆಯಲ್ಲಿ ಒಂದು ಹೀಗೆಯೇ. ನನ್ನ ಅಪ್ಪ ಅಮ್ಮನೂ ಸೋದರ ಸಂಬಂಧವೇ. ಹಾಗಾಗಿ ಇದನ್ನು ಮೂಢನಂಬಿಕೆ ಎಂದು ಬಯ್ಯಲು ನಾನು ಇಲ್ಲಿ ನಿಂತಿಲ್ಲ. ಆಸ್ತಿ ಒಡೆಯಬಾರದು, ಮಗಳು ಗೊತ್ತಿರುವ ಮನೆಗೆ ಹೋಗಲಿ ಎಂಬ ಯೋಚನೆಗೆ ಅದರದ್ದೇ ಕಾರಣ ಇತ್ತು.

ಆದರೆ ಗೋತ್ರ ನೋಡಿದ್ದೇವೆ, ಬೇರೆ ಬೇರೆ ಇದೆ, ಏನೂ ತೊಂದರೆ ಇಲ್ಲ ಎಂಬ ಮಾತು ಮಾತ್ರ ಸರಿಯಲ್ಲ. ಗೋತ್ರ ಇಳಿಯುವುದು ಅಪ್ಪನಿಂದ. ಅಕ್ಕ ಮದುವೆಯಾಗಿ ಹೋದಳು, ಅವಳ ಮಗಳಿಗೆ ಆ ಮನೆಯ ಗೋತ್ರ ಬಂತು. ಆ ಲೆಕ್ಕದಲ್ಲಿ ಹುಡುಗಿ ಬೇರೆಯವಳು. ಜೀನುಗಳ ಲೆಕ್ಕದಲ್ಲಿ ಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ ಒಂದೇ. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳ ನಡುವೆ ಎಂಟನೇ ಒಂದು ಭಾಗ. ಇಲ್ಲೂ ಬಿಟ್ಟುಹೋದದ್ದು ತಾಯಿಯ ಕಡೆಯ ದಾರಿಯೇ.

ಇದು ಯಾಕೆ ಮುಖ್ಯ? ನಮ್ಮಲ್ಲಿ ಪ್ರತಿಯೊಬ್ಬರಲ್ಲೂ ಕೆಲವು ಕೆಟ್ಟ ಜೀನುಗಳು ಇರುತ್ತವೆ. ಜೊತೆಯದು ಸರಿಯಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನು ಕೆಟ್ಟಿದ್ದರೆ ಮಾತ್ರ ಮಗುವಿಗೆ ಎರಡೂ ಕೆಟ್ಟದ್ದೇ ಸಿಗಬಹುದು. ಪದೇ ಪದೇ ರಕ್ತ ಹಾಕಿಸಬೇಕಾಗುವ ಥಲಸ್ಸೀಮಿಯಾ, ಕುಡಗೋಲು ರಕ್ತಕಣದ ಕಾಯಿಲೆ, ಎಷ್ಟೋ ಬಗೆಯ ಹುಟ್ಟುಕಿವುಡು ಹೀಗೆ ಬರುತ್ತವೆ. ಒಬ್ಬ ಮುತ್ತಜ್ಜಿಯಿಂದ ಇಳಿದ ಕೆಟ್ಟ ಜೀನು ಎರಡು ದಾರಿಯಲ್ಲಿ ಬಂದು ಒಂದೇ ತೊಟ್ಟಿಲಲ್ಲಿ ಸೇರಲು ಸೋದರ ಸಂಬಂಧ ಹತ್ತಿರದ ದಾರಿ ಮಾಡಿಕೊಡುತ್ತದೆ. ಯಾವುದೇ ದಂಪತಿಗೆ ದೋಷ ಇರುವ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ ಎರಡು ಮೂರು ಇರುತ್ತದೆ. ಸೋದರಮಾವನ ಇಲ್ಲವೇ ಸೋದರತ್ತೆಯ ಮಕ್ಕಳ ಜೊತೆಗಿನ ಮದುವೆಯಲ್ಲಿ ಅದಕ್ಕೆ ಇನ್ನು ಎರಡು ಮೂರು ಸೇರುತ್ತದೆ. ಅಕ್ಕನ ಮಗಳಾದರೆ ಇನ್ನೂ ಜಾಸ್ತಿ. ಅಂದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಮನೆಯಲ್ಲಿ ಅಂಥ ಕಾಯಿಲೆ ಮೊದಲೇ ಇದ್ದರೆ ಮಾತ್ರ ಲೆಕ್ಕ ಪೂರ್ತಿ ಬದಲಾಗುತ್ತದೆ. ಅದಕ್ಕೇ ಮರ ಬೇಕು.

ಇಬ್ಬರೂ ವಾಹಕರಾಗಿದ್ದರೆ ನಾಲ್ಕಕ್ಕೆ ಒಂದು ಎಂದು ನಾವು ಹೇಳುತ್ತೇವೆ. ಇದನ್ನು ಕೇಳಿದವರು ಮನೆಗೆ ಹೋಗಿ ಬೇರೆಯೇ ಲೆಕ್ಕ ಹಾಕಿಕೊಳ್ಳುತ್ತಾರೆ. ಮೊದಲ ಮಗುವಿಗೆ ಬಂತು, ಇನ್ನು ಮೂರು ಮಕ್ಕಳಿಗೆ ಬರುವುದಿಲ್ಲ ಎಂದು. ಆ ನಂಬಿಕೆಯಲ್ಲಿ ಎರಡನೆಯ ಮಗುವನ್ನು ಹೆತ್ತು ಅತ್ತವರನ್ನು ನಾನು ನೋಡಿದ್ದೇನೆ. ಅದಕ್ಕೆ ಈಗ ಚೌಕಾಬಾರದ ಕವಡೆ ಇಟ್ಟುಕೊಂಡಿರುತ್ತೇನೆ. ಅಮ್ಮನ ಕೈಗೊಂದು, ಅಪ್ಪನ ಕೈಗೊಂದು ಕೊಡುತ್ತೇನೆ. ಬೆನ್ನು ಮೇಲಾದರೆ ಕೆಟ್ಟ ಜೀನು, ಬಾಯಿ ಮೇಲಾದರೆ ಒಳ್ಳೆಯದು. ಎರಡೂ ಬೆನ್ನು ಮೇಲಾಗಿ ಬಿದ್ದರೆ ಮಾತ್ರ ಕಾಯಿಲೆ. ಹಾಕಿ ಎನ್ನುತ್ತೇನೆ. ಮತ್ತೆ ಹಾಕಿ. ಮತ್ತೆ. ಹಿಂದಿನ ಸಲ ಏನು ಬಿತ್ತು ಎಂದು ಕವಡೆಗೆ ನೆನಪಿರುವುದಿಲ್ಲ. ಪ್ರತಿ ಬಸಿರಿಗೂ ಹೊಸದಾಗಿ ಹಾಕಬೇಕು. ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಇಲ್ಲಿಂದ ನಾನು ನಿಮ್ಮನ್ನು ಮಲೆನಾಡಿಗೆ ಕರೆದುಕೊಂಡು ಹೋಗಬೇಕು. ಇವತ್ತು ನಾನು ಮಾತಾಡಲು ಒಪ್ಪಿದ್ದೇ ಈ ಊರಿನ ವಿಷಯ ಹೇಳಬೇಕು ಎಂದು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿ ಇದೆ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಕೇರಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಗಮನಕ್ಕೆ ಬಂತು. ಸೊಂಟ, ಮೊಣಕಾಲು ನೋವು. ನಡೆಯುತ್ತಾ ನಡೆಯುತ್ತಾ ಬಾಗಿ, ಕೋಲು ಹಿಡಿದು, ಕೊನೆಗೆ ಕೆಲವರು ತೆವಳುವ ಸ್ಥಿತಿ. ಕೆಲವರು ಬೆಳೆಯದೆ ತೀರಾ ಕುಳ್ಳಗೆ ಉಳಿದರು. ಮುದುಕರ ಕೀಲುನೋವು ಎಳೆಯರಿಗೆ ಬಂದಂತೆ. ಹತ್ತಿರದ ಹಳ್ಳಿಗಳಲ್ಲೂ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥವರು ಸಿಕ್ಕರು. ಎಲ್ಲರೂ ಹೆಚ್ಚುಕಡಿಮೆ ಎರಡೇ ಸಮುದಾಯದವರು, ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುವವರು.

ಮೊದಲು ಅನುಮಾನ ಹೋದದ್ದು ಗದ್ದೆಯ ಮೇಲೆ. ಭತ್ತಕ್ಕೆ ಹೊಡೆಯುವ ಕೀಟನಾಶಕ ಆಗಷ್ಟೇ ಬಂದಿತ್ತು. ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರು. ವಿಷ ಏಡಿಯಿಂದ ಮೈಗೆ ಸೇರಿರಬೇಕು ಎಂದು ಜನ ಹೇಳಿದರು, ಬರೆದವರೂ ಬರೆದರು. ಈ ಅನುಮಾನವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದೇ ಸೀಮೆಯಲ್ಲಿ 1957ರಲ್ಲಿ ಕ್ಯಾಸನೂರು ಕಾಡಿನಿಂದ ಮಂಗನ ಕಾಯಿಲೆ ಬಂದಿತ್ತು. ಹೊರಗಿನಿಂದ ಏನೋ ಬಂದು ಕೆಡಿಸುತ್ತದೆ ಎಂದು ಜನ ಯೋಚಿಸಿದ್ದರಲ್ಲಿ ತಪ್ಪೇನಿದೆ?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಬಂದು ನೋಡಿದರು. 1977ರಲ್ಲಿ ಅವರು ಬರೆದ ವರದಿಯಲ್ಲಿ ಈ ಕಾಯಿಲೆಗೆ ಕೊಟ್ಟ ಹೆಸರಿನ ಅರ್ಥ, ಮಲೆನಾಡಿನಲ್ಲಿ ನೆಲೆನಿಂತ ಕುಟುಂಬದ ಕೀಲುಬೇನೆ ಎಂದು. ಆ 'ಕುಟುಂಬದ' ಎಂಬ ಮಾತು ಗಮನಿಸಿ. ಮನೆ ಮನೆಗೆ ಹೋಗಿ ಕೇಳಿದವರಿಗೆ ಅದು ಆಗಲೇ ಕಂಡಿತ್ತು. ಆಮೇಲೆ ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ತಂಡದವರು ಎಕ್ಸ್‌ರೇಗಳನ್ನೂ ಕುಟುಂಬದ ಮರಗಳನ್ನೂ ಇಟ್ಟುಕೊಂಡು ಕೆಲಸ ಮಾಡಿ 1990ರ ದಶಕದಲ್ಲಿ ಪ್ರಕಟಿಸಿದರು. ಮೂಳೆ ಬೆಳೆಯುವ ರೀತಿಯಲ್ಲೇ ದೋಷ ಇದೆ, ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಗುವಿಗೆ ಬರಬಲ್ಲದು ಎಂದು ತಿಳಿಯಿತು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬ ಕಡೆಯೂ ಇಂಥದ್ದೇ ಸೊಂಟದ ಕಾಯಿಲೆ ಇದೆ. ಎರಡೂ ಒಂದೇ ಇರಬಹುದೇ ಎಂದೂ ಹೋಲಿಸಿ ನೋಡಿದರು.

ಮರ ನೋಡಿ ಇದನ್ನು ಹೇಗೆ ಹೇಳುತ್ತಾರೆ? ಸ್ವಲ್ಪ ನಿಧಾನವಾಗಿ ಯೋಚಿಸೋಣ. ಏಡಿಯೋ ನೀರೋ ಕಾರಣವಾದರೆ ಒಂದೇ ಮಡಕೆಯಲ್ಲಿ ಉಣ್ಣುವ ಗಂಡ ಹೆಂಡತಿ ಇಬ್ಬರಿಗೂ ಬರಬೇಕು. ಹೀಗೆ ಒಬ್ಬರಿಂದಲೇ ಬರಬಲ್ಲ ಜೀನು ಕಾರಣವಾದರೆ ಗಂಡನಿಗೆ ಬಂದು ಹೆಂಡತಿ ನೆಟ್ಟಗಿರುತ್ತಾಳೆ, ಆದರೆ ಮಕ್ಕಳಲ್ಲಿ ಸುಮಾರು ಅರ್ಧ ಮಂದಿಗೆ ಇರುತ್ತದೆ. ಕೀಟನಾಶಕ ಕಾರಣವಾದರೆ ಅದು ಬರುವ ಮೊದಲಿನ ತಲೆಮಾರಿನಲ್ಲಿ ಇರಬಾರದು. ಜೀನಾದರೆ ಪ್ರತಿ ತಲೆಮಾರಿನಲ್ಲೂ ಒಂದು ಕಪ್ಪು ಗುರುತು ಇರುತ್ತದೆ. ಅಪ್ಪನಿಂದ ಮಗನಿಗೆ ದಾಟಿದ್ದು ಕಂಡರೆ ಅದು ಎಕ್ಸ್‌ನಲ್ಲಿ ಕೂತ ಜೀನು ಅಲ್ಲ, ಯಾಕೆಂದರೆ ಅಪ್ಪ ಮಗನಿಗೆ ಎಕ್ಸ್ ಕೊಡುವುದೇ ಇಲ್ಲ. ಹೀಗೆ ಒಂದೊಂದೇ ದಾರಿ ಮುಚ್ಚುತ್ತಾ ಹೋದರೆ ಕೊನೆಗೆ ಒಂದು ಉಳಿಯುತ್ತದೆ. ಈ ಜಾಣತನ ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಅವರು ಒಳಗೊಳಗೇ ಮದುವೆಯಾಗುತ್ತಾರೆ, ಅದಕ್ಕೇ ಬಂತು ಎಂದು. ಅಲ್ಲ. ಈ ಬಗೆಯ ಕಾಯಿಲೆ ಬರಲು ಒಬ್ಬರಲ್ಲಿ ಜೀನು ಇದ್ದರೆ ಸಾಕು, ಗಂಡ ಹೆಂಡತಿ ಎಷ್ಟೇ ದೂರದವರಾದರೂ ಬರುತ್ತದೆ. ಒಳಗೇ ಮದುವೆಯಾಗುವುದರಿಂದ ಆದದ್ದು ಇಷ್ಟೇ, ಎಂದೋ ಒಬ್ಬರಲ್ಲಿ ಹುಟ್ಟಿದ ದೋಷ ಆ ಜಾತಿಯ ಬೇಲಿಯೊಳಗೇ ಉಳಿಯಿತು. ಆ ಬೇಲಿ ಕಟ್ಟಿದವರು ಅವರಲ್ಲ.

ನನಗೆ ಜಾಸ್ತಿ ನೋವು ಕೊಡುವುದು ಇನ್ನೊಂದು. ವಿಷ ಎಂದಾಗ ಸಿಟ್ಟು ಇತ್ತು, ಕೇಳಲು ಒಂದು ಬಾಗಿಲಿತ್ತು. ವಂಶದ್ದು ಎಂದ ಮೇಲೆ, ಹೋಗಲಿ ಬಿಡಿ, ಅವರ ಹಣೆಬರಹ ಎಂದು ಎದ್ದು ಹೋಗುವುದು ಎಲ್ಲರಿಗೂ ಸುಲಭವಾಯಿತು. ಜೀನಿನಿಂದ ಬಂದ ಸೊಂಟದ ನೋವಿಗೂ ಔಷಧಿ ಬೇಕು. ಸವೆದ ಕೀಲಿಗೆ ಶಸ್ತ್ರಚಿಕಿತ್ಸೆ ಇದೆ. ನೆಟ್ಟಿ ಮಾಡಲು ಬಗ್ಗಲಾಗದವನಿಗೆ ಕೂತು ಮಾಡುವ ಕೆಲಸ ಬೇಕು, ಪಿಂಚಣಿ ಬೇಕು, ಹೊಟ್ಟೆ ತುಂಬ ಊಟ ಬೇಕು. ಕಾರಣ ಜೀನಿನಲ್ಲಿದೆ ಎಂದು ಬರೆದ ಹಾಳೆ ಕೇಸು ಮುಚ್ಚುವ ಹಾಳೆ ಆಗಬಾರದು.

ಇದೇ ಕತೆ ಭೂಮಿಯ ಇನ್ನೊಂದು ಮೂಲೆಯಲ್ಲಿ ನಡೆದಿದೆ. ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯ ಬಡ ಮೀನುಗಾರರ ಹಳ್ಳಿಗಳಲ್ಲಿ ಜನ ನಡೆಯುವಾಗ ತೂರಾಡುತ್ತಿದ್ದರು, ಕೈಕಾಲು ತಾವಾಗಿಯೇ ಕುಣಿಯುತ್ತಿದ್ದವು. 1950ರ ದಶಕದಲ್ಲಿ ಅಲ್ಲಿಗೆ ಬಂದ ಯುವ ವೈದ್ಯ ಅಮೆರಿಕೊ ನೆಗ್ರೆಟ್ಟೆ ಮೊದಲು ಅವರನ್ನು ಕುಡುಕರು ಎಂದುಕೊಂಡ. ಊರಿನವರು ತಿದ್ದಿದರು. ಅದು ಹಂಟಿಂಗ್ಟನ್ ಕಾಯಿಲೆ. ಹಂದಿಗೋಡಿನ ಹಾಗೆ ಇದಕ್ಕೂ ಒಬ್ಬರಿಂದ ಬಂದರೆ ಸಾಕು. ಸಾಮಾನ್ಯವಾಗಿ ಮೂವತ್ತು ನಲವತ್ತು ದಾಟಿದ ಮೇಲೆ ಶುರುವಾಗುತ್ತದೆ, ಅಷ್ಟು ಹೊತ್ತಿಗೆ ಮದುವೆಯಾಗಿ ಮಕ್ಕಳಾಗಿರುತ್ತಾರೆ.

ನ್ಯಾನ್ಸಿ ವೆಕ್ಸ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯ ತಾಯಿಗೆ 1968ರಲ್ಲಿ ಈ ಕಾಯಿಲೆ ಇದೆ ಎಂದು ಗೊತ್ತಾಯಿತು. ಮಗಳು ವರ್ಷವರ್ಷವೂ ಆ ಹಳ್ಳಿಗಳಿಗೆ ಹೋದಳು. ಮನೆ ಮನೆಯಲ್ಲಿ ಕೂತು ಯಾರು ಯಾರ ಮಗ, ಯಾರು ಯಾರ ಮೊಮ್ಮಗಳು ಎಂದು ಕೇಳಿ ಬರೆದಳು. 18,000ಕ್ಕೂ ಹೆಚ್ಚು ಜನರ ಮರ ಅದು, ಹತ್ತು ತಲೆಮಾರಿನದು. ಗೋಡೆ ತುಂಬ ಹಾಳೆ. ಅದರ ತುದಿಯಲ್ಲಿ 1800ರ ಆರಂಭದಲ್ಲಿ ಬದುಕಿದ್ದ ಒಬ್ಬ ತಾಯಿ, ಮರಿಯಾ ಕನ್ಸೆಪ್ಸಿಯೋನ್. ಆ ಮರ ಮತ್ತು ಆ ಜನ ಕೊಟ್ಟ ರಕ್ತ ಇಟ್ಟುಕೊಂಡು ಜೇಮ್ಸ್ ಗುಸೆಲ್ಲಾ 1983ರಲ್ಲಿ ಜೀನು ನಾಲ್ಕನೆಯ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿದರು. 1993ರಲ್ಲಿ ಜೀನೇ ಸಿಕ್ಕಿತು. ಡಿಎನ್‌ಎಯ ಮೂರಕ್ಷರದ ಒಂದು ತುಣುಕು ತಡವರಿಸಿದ ಹಾಗೆ ಮತ್ತೆ ಮತ್ತೆ ಬರುತ್ತದೆ. ನಲವತ್ತು ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಾಯಿಲೆ. ಇವತ್ತು ಜಗತ್ತಿನಲ್ಲಿ ಎಲ್ಲೇ ಆಗಲಿ ಮಾಡುವ ಹಂಟಿಂಗ್ಟನ್ ಪರೀಕ್ಷೆ ಆ ಮೀನುಗಾರರು ಕೊಟ್ಟದ್ದು. ಅವರು ಇನ್ನೂ ಬಡವರಾಗಿಯೇ ಇದ್ದಾರೆ. ಕಾಯಿಲೆ ತಡೆಯುವ ಔಷಧಿ ಅವರಿಗೆ ಇನ್ನೂ ಸಿಕ್ಕಿಲ್ಲ. ವೆಕ್ಸ್ಲರ್ ತಮಗೂ ಅದೇ ಕಾಯಿಲೆ ಇದೆ ಎಂದು 2020ರಲ್ಲಿ ಎಲ್ಲರಿಗೂ ಹೇಳಿದರು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗಿ, "ಇದನ್ನೆಲ್ಲ ಬರೆದಿಟ್ಟರೆ ನಮ್ಮ ತಂಗಿಯರ ಮದುವೆ ಆಗುತ್ತಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಈ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಬಾಯಿ ಮುಚ್ಚಿರುತ್ತದೆ. ನಾನು ಹೇಳಿದ್ದು, ಮರ ಬರೆದದ್ದು ನಿಮ್ಮ ಮನೆಯ ಸ್ವತ್ತು, ಬೀದಿಯಲ್ಲಿ ಅಂಟಿಸಬೇಕಿಲ್ಲ. ವಾಹಕರಾಗಿರುವುದು ಕಾಯಿಲೆ ಅಲ್ಲ. ಹಿಮೋಫಿಲಿಯಾ ಜೀನು ಇರುವ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಮುಟ್ಟಿನಲ್ಲೋ ಹೆರಿಗೆಯಲ್ಲೋ ರಕ್ತ ಜಾಸ್ತಿ ಹೋಗುತ್ತದೆ, ಅವರು ತಮ್ಮ ಫ್ಯಾಕ್ಟರ್ ಎಷ್ಟಿದೆ ಎಂದು ನೋಡಿಸಿಕೊಳ್ಳಬೇಕು, ಅಷ್ಟೇ. ಮದುವೆಯಾದ ಮೇಲೆ ಸತ್ತ ಮಗುವಿನಿಂದ ವಿಷಯ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿರುವುದು ಆ ಹುಡುಗಿಗೇ ಒಳ್ಳೆಯದು. ಮನೆಯ ಹಿರಿಯರನ್ನು ಕೇಳುವಾಗ ಎಲ್ಲರ ಮುಂದೆ ಕೇಳಬೇಡಿ. ಅಜ್ಜಿ ಹಪ್ಪಳ ಒಣಗಿಸುವಾಗಲೋ ಅಕ್ಕಿ ಆರಿಸುವಾಗಲೋ ಪಕ್ಕ ಕೂತು ಕೇಳಿ. ಕಾಯಿಲೆ ಎನ್ನಬೇಡಿ. "ಅಜ್ಜಿ, ನಿನ್ನ ಜೊತೆ ಹುಟ್ಟಿದವರು ಎಷ್ಟು ಜನ?" ಎಂದು ಶುರು ಮಾಡಿ.

ಇನ್ನೊಬ್ಬ ತರುಣ ಎಲ್ಲರೂ ಹೋಗುವ ತನಕ ಕಾದಿದ್ದ. ಅಕ್ಕನ ಮಗಳ ಜೊತೆ ಮದುವೆ ಮಾತು ನಡೆದಿದೆ, ಬೇಡ ಅನ್ನಬೇಕಾ ಎಂದು ಕೇಳಿದ. ಬೇಕು ಬೇಡ ಹೇಳುವುದು ನನ್ನ ಕೆಲಸವಲ್ಲ ಎಂದೆ. ಮೊದಲು ಹುಡುಗಿಯ ಮನಸ್ಸು ಕೇಳು, ಅವಳಿಗೆ ಆಯ್ಕೆ ಇದೆಯಾ ನೋಡು. ಆಮೇಲೆ ಮೂರು ತಲೆಮಾರಿನ ಮರ ಬರಿ. ಎಳೆಯ ವಯಸ್ಸಿಗೆ ಹೋದ ಮಕ್ಕಳು, ಹುಟ್ಟುಕಿವುಡರು, ಪದೇ ಪದೇ ರಕ್ತ ಹಾಕಿಸಿಕೊಂಡವರು, ನಡೆಯಲಾಗದವರು ಇದ್ದಾರಾ ನೋಡು. ಥಲಸ್ಸೀಮಿಯಾಕ್ಕೆ ಒಂದು ರಕ್ತ ಪರೀಕ್ಷೆ ಇದೆ, ಇಬ್ಬರೂ ಮಾಡಿಸಿ. ಮರದಲ್ಲಿ ಏನಾದರೂ ಕಂಡರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಮಣಿಪಾಲದಲ್ಲಿ ಜೆನೆಟಿಕ್ಸ್ ವಿಭಾಗ ಇದೆ. ರಕ್ತಸ್ರಾವದ ವಿಷಯವಾದರೆ ದಾವಣಗೆರೆಯಲ್ಲಿ ಹಿಮೋಫಿಲಿಯಾ ಸೊಸೈಟಿಯವರು ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದಾರೆ.

ಅವನು ಜೇಬಿನಿಂದ ಯಾವುದೋ ಲಗ್ನಪತ್ರಿಕೆ ತೆಗೆದು ಅದರ ಹಿಂದೆ ಅಲ್ಲೇ ಬರೆಯಲು ಕೂತ. ತಾನು ಒಂದು ಚೌಕ, ಅಕ್ಕ ಒಂದು ದುಂಡು, ಅವಳ ಮಗಳು ಇನ್ನೊಂದು. ಎರಡು ಗೆರೆ ಎಳೆದ. ಅಪ್ಪನ ಕಡೆ ಸರಸರ ಮೇಲೆ ಹೋದ, ಮುತ್ತಜ್ಜನ ತನಕ ಹೆಸರು ಬಂತು. ತಾಯಿಯ ಕಡೆ ಒಂದು ದುಂಡು ಬರೆದು ನಿಂತ. ಅದು ಅವನ ಅಮ್ಮನ ಅಮ್ಮ. ಚಿಕ್ಕಂದಿನಲ್ಲಿ ಅವಳ ಕೈತುತ್ತು ತಿಂದು ಬೆಳೆದವನು. "ನಾವು ಅಮ್ಮಮ್ಮ ಅಂತಲೇ ಕರೀತಿದ್ದೆವು, ಮೇಡಂ," ಎಂದ. ಆಮೇಲೆ ಫೋನ್ ತೆಗೆದು ಅವನ ತಾಯಿಗೆ ಕರೆ ಮಾಡಿದ.